ಕೆಂಡದ ಕಾಳನ ಮಾರ್ಫಿಟ್ ಕುಸ್ತಿ

ನಾಗಮಂಗಲದಲ್ಲಿ ಅವನನ್ನು ಕೆ.ಆರ್. ಪೇಟೆಯವನು ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಕೆ.ಆರ್. ಪೇಟೆಗೆ ಹೋದರೆ ನಾಗಮಂಗಲದವನು. ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ. ಆದರೆ ಪಾಂಡವಪುರದ ಮೈದಾನದಲ್ಲಿ ಅವನು ಶ್ರೀರಂಗಪಟ್ಟಣದಿಂದ ಬಂದ ಕೇಡಿಗ. ತಮ್ಮೂರಲ್ಲೂ ಖಳ ಹುಟ್ಟುತ್ತಾನೆಂದರೆ ಯಾವ ಊರಿನ ಜನಕ್ಕೂ ಒಗ್ಗುವುದಿಲ್ಲ. ಹಾಗಾಗಿ ಕಾಳಪ್ಪ, ಪೋಸ್ಟರಿನ ಮೇಲೆ ಕೆಂಡದ ಕಾಳ, ಐವತ್ತು ದಾಟಿದ ಮೇಲೂ ಯಾವ ಊರಿಗೂ ಸೇರದೆ ನಾಲ್ಕು ತಾಲ್ಲೂಕು ಸುತ್ತುತ್ತಿದ್ದ.

ಅವನ ಕೆಲಸ ಹೀಗೆ. ಎದೆಗೆ ಇದ್ದಲು ಪುಡಿ ಬಳಿದುಕೊಂಡು ರಿಂಗಿಗೆ ಹತ್ತುತ್ತಾನೆ. ಕುಸ್ತಿಗೆ ಮುಂಚೆ ಮೈಕು ಅವನ ಕೈಗೆ ಬರುತ್ತದೆ. ಆ ಊರನ್ನು ಬಾಯಿಗೆ ಬಂದಂತೆ ಬೈಯಬೇಕು. "ನಿಮ್ಮೂರಲ್ಲಿ ಗಂಡಸ್ರು ಅಂತ ಯಾರಾರ ಅವ್ರೇನ್ರಲಾ, ಇಲ್ಲಾ ಎಲ್ರೂ ಹೆಂಡ್ರ ಸೆರಗಿಡ್ಕಂಡು ಸಂತೇಗೋಗವ್ರಾ?" ಜನ ಹುಚ್ಚೆದ್ದು ಕೂಗುತ್ತಾರೆ, ನೀರಿನ ಬಾಟಲಿ ಎಸೆಯುತ್ತಾರೆ. ಆಮೇಲೆ ಮೋಸ ಶುರು. ರೆಫರಿ ಅತ್ತ ತಿರುಗಿದಾಗ ಕತ್ತು ಹಿಸುಕುವುದು, ಕೈಕುಲುಕುವ ನೆಪದಲ್ಲಿ ಹೊಟ್ಟೆಗೆ ಗುದ್ದುವುದು. ಕೊನೆಗೆ ಊರಿನ ಹುಡುಗ ಕಾಳನ ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ಅದು ಸನ್ನೆ. ಒತ್ತಿದ ಕೂಡಲೇ ಕಾಳ ಎಗರಿ ಬೆನ್ನಡಿಯಾಗಿ ಬೀಳಬೇಕು. ಹಲಗೆ ಸದ್ದಾಗಬೇಕು. ಊರು ಗೆಲ್ಲಬೇಕು.

ಹೀಗೆ ಬೀಳಲು ಅವನು ಹುಟ್ಟಿದವನೇನೂ ಅಲ್ಲ. ಅಪ್ಪ ಕುಲುಮೆಯವನು. ಚಿನಕುರಳಿ ಸುತ್ತ ಬಂಡೆ ಒಡೆಯುವವರ ಉಳಿಗಳೆಲ್ಲ ಆ ಕುಲುಮೆಗೆ ಮೊಂಡಾಗಿ ಬಂದು ಚೂಪಾಗಿ ಹೋಗುತ್ತಿದ್ದವು. ಮೀಸೆ ಮೂಡುವ ಮೊದಲೇ ಕಾಳಪ್ಪ ದೊಡ್ಡ ಸುತ್ತಿಗೆ ಎತ್ತಿದ. ತೋಳು ತಾನಾಗಿ ಬಂತು. ಶ್ರೀರಂಗಪಟ್ಟಣದ ಪಕ್ಕ ಬಾಬುರಾಯನಕೊಪ್ಪಲಿನಲ್ಲಿ ಗರಡಿ ನಡೆಸುತ್ತಿದ್ದ ಕರಿಯಯ್ಯ ಉಸ್ತಾದರು ಆ ತೋಳಿಗೆ ಕುಸ್ತಿ ಕಲಿಸಿದರು. ಇಪ್ಪತ್ತು ದಾಟುವ ಹೊತ್ತಿಗೆ ಅವನ ಬೆನ್ನಿಗೆ ಮಣ್ಣು ಹತ್ತಿಸುವವರು ಈ ಸೀಮೆಯಲ್ಲಿ ಕಡಿಮೆ. ಆದರೆ ಗೆಲ್ಲುವವನ ಹಿಂದೆ ಒಂದು ಬೀದಿ ಬೇಕು, ಬೀದಿಯಲ್ಲಿ ಹಾರ ಹಿಡಿದು ಕಾಯುವ ಜನ ಬೇಕು. ಚಿನಕುರಳಿಯಲ್ಲಿ ಆಚಾರಿಗಳದು ಮೂರು ಮನೆ. ಮೂರು ಮನೆಯವರು ಎತ್ತಿ ಮೆರೆಸುವಷ್ಟು ಹಗುರವಿರಲಿಲ್ಲ ಕಾಳಪ್ಪ.

ಒಂದು ಸಲ ಒಬ್ಬ ಮುಖಂಡರ ಅಳಿಯನನ್ನು ಕೆಡವಿದ. ಗೆದ್ದವನಿಗೆ ಸಲ್ಲುವ ಗದೆಯನ್ನು ಅಳಿಯನಿಗೇ ಕೊಟ್ಟರು. ಕೇಳಿದ್ದಕ್ಕೆ, "ನಿಂಗ್ಯಾಕ್ಲಾ ಗದೆ, ಮನೇಲಿ ಸುತ್ತಿಗೆ ಇಲ್ವಾ?" ಎಂದು ವೇದಿಕೆಯ ಮೇಲಿದ್ದವರೆಲ್ಲ ನಕ್ಕರು. ಮುಂದಿನ ವರ್ಷ ಅದೇ ಮುಖಂಡರು ಕರೆಸಿ ಬೀಳಲು ಹೇಳಿದರು. ಬಿದ್ದ. ಎಷ್ಟು ಸೊಗಸಾಗಿ ಬಿದ್ದನೆಂದರೆ, ಬೇರೆ ಊರಿನವರೂ ಬೀಳಲು ಕರೆಯತೊಡಗಿದರು. ಗೆದ್ದಾಗ ಊಟಕ್ಕೆ ಕರೆಯದವರು ಬಿದ್ದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮುದ್ದೆ ಬಡಿಸಿದರು. ಅವನ ಮುಖದ ತುಂಬ ಕುಲುಮೆಯ ಕಿಡಿ ಹಾರಿದ ಕಲೆ. ಆ ಕಲೆಯವನು, ಆ ಕಪ್ಪು ಬಣ್ಣದವನು ಒಳ್ಳೆಯವನಿರಲಾರ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ದೇಶಕ್ಕೇ ಅದು ಬಾಯಿಪಾಠ.

ಬಿದ್ದು ಬಿದ್ದು ಕೂಡಿಸಿದ್ದರಲ್ಲಿ ಹಗ್ಗದ ರಿಂಗು, ಹಲಗೆ, ಮೈಕ್‌ಸೆಟ್ಟು ಕೊಂಡ. ಎಲ್ಲವನ್ನೂ ಟ್ರಾಕ್ಟರಿಗೆ ಹೇರಿಕೊಂಡು ತಾನೇ ಕುಸ್ತಿ ಮೇಳ ನಡೆಸತೊಡಗಿದ. ಈಗ ಯಾರು ಬೀಳಬೇಕೆಂದು ತೀರ್ಮಾನಿಸುವವನು ಅವನೇ. ತನಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾಡಬಾರದು ಅನ್ನಿಸಿತೇ? ಅನ್ನಿಸಲಿಲ್ಲ. ಗಾರೆ ಕೆಲಸದವರ, ಆಲೆಮನೆಯಲ್ಲಿ ಕೊಪ್ಪರಿಗೆ ಕಾಯುವವರ ಮಕ್ಕಳು ಬಿದ್ದರು. ಪೆಟ್ರೋಲ್ ಬಂಕು ಇದ್ದವರ ಮಕ್ಕಳು ಎದ್ದರು. ಬಿದ್ದ ಹುಡುಗರಿಗೆ ಬೆನ್ನು ತಟ್ಟಿ, "ಬೀಳಾದೂ ಒಂದು ವಿದ್ಯೆ ಕಣ್ಲಾ" ಎನ್ನುತ್ತಿದ್ದ. ಹಾಗಾಗಿ ಅವನನ್ನು ಖಳ ಎಂದರೆ ಪೂರ್ತಿ ಸುಳ್ಳೂ ಅಲ್ಲ.

ಈ ವರ್ಷದ ಮೇಳಕ್ಕೆ ದುಡ್ಡು ಹಾಕಿದವರು ಪಾಂಡವಪುರದ ಕ್ರಷರ್ ಜಯರಾಮಯ್ಯ. ಬಂಡೆ ಒಡೆಸಿ ಜಲ್ಲಿ ಮಾಡಿ ಮಾರುವವರು. ಅವರ ಮಗ ಧ್ರುವ ಮೈಸೂರಿನ ಜಿಮ್ಮಿನಲ್ಲಿ ಮೈ ಬೆಳೆಸಿಕೊಂಡು ಬಂದಿದ್ದ. ಮುಂದಿನ ಚುನಾವಣೆಗೆ ಹುಡುಗನ ಮುಖ ನಾಲ್ಕೂ ತಾಲ್ಲೂಕಿಗೆ ಪರಿಚಯವಾಗಬೇಕು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಕೊನೆಗೆ ಶ್ರೀರಂಗಪಟ್ಟಣ: ನಾಲ್ಕೂ ಕಡೆ ಧ್ರುವ ಕೆಂಡದ ಕಾಳನನ್ನು ಕೆಡವಬೇಕು. ಕಾಳಪ್ಪ ಒಪ್ಪಿ ಕೈಮುಗಿದಿದ್ದ.

ಆಮೇಲೆ ಅವನ ತಮ್ಮ ಸತ್ತ.

ಶಿವಪ್ರಕಾಶ್ ಕಾಳಪ್ಪನಿಗಿಂತ ಬಹಳ ಚಿಕ್ಕವನು. ಜಯರಾಮಯ್ಯನವರ ಕ್ವಾರಿಯಲ್ಲೇ ಬಂಡೆಗೆ ಕುಳಿ ಹೊಡೆಯುವ ಕೆಲಸ. ಒಂದು ಬೆಳಿಗ್ಗೆ ಚಿನಕುರಳಿ ರಸ್ತೆಯ ಬದಿಯಲ್ಲಿ ಅವನ ಹೆಣವೂ ಅದರ ಪಕ್ಕ ಅವನ ಬೈಕೂ ಬಿದ್ದಿದ್ದವು. ಅಂಗಿಯಲ್ಲಿ ಹೆಂಡದ ವಾಸನೆ. ಕುಡಿದು ಬಿದ್ದ ಅಂದರು ಮೊದಲು ಕಂಡವರು. ಮೊದಲು ಕಂಡವರು ಕ್ವಾರಿಯವರು. ಹೆಣಕ್ಕೆ ಸ್ನಾನ ಮಾಡಿಸಿದವನು ಕಾಳಪ್ಪ. ತಮ್ಮನ ಮೂಗಿನಲ್ಲಿ, ಕಿವಿಯಲ್ಲಿ, ಕಣ್ಣಿನ ರೆಪ್ಪೆಯ ಬುಡದಲ್ಲಿ ಬಿಳಿ ಕಲ್ಲುಪುಡಿ. ಎಷ್ಟು ನೀರು ಹುಯ್ದರೂ ಬರುತ್ತಲೇ ಇತ್ತು. ರಸ್ತೆಯಲ್ಲಿ ಬಿದ್ದವನ ಮೈಗೆ ತರಚು ಇರಬೇಕು. ಇವನ ಎದೆ ಒಳಗೆ ಹೋಗಿತ್ತು. ಆ ಹೆಣ ಎಲ್ಲಿಂದ ಬಂತೆಂದು ಕಾಳಪ್ಪನ ಕೈಗೆ ಗೊತ್ತಾಯಿತು, ಬಾಯಿ ಬರಲಿಲ್ಲ.

ವಾರ ಕಳೆಯುವುದರೊಳಗೆ ಚಿನಕುರಳಿಯ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸು ಎದ್ದಿತು. ಶಿವಪ್ರಕಾಶನ ಮದುವೆಯ ಫೋಟೋ. ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅದರ ಕೆಳಗೆ ದಪ್ಪಕ್ಷರದಲ್ಲಿ, ಕುಡಿದು ವಾಹನ ಓಡಿಸಬೇಡಿ. ಮೂಲೆಯಲ್ಲಿ ಕೈಮುಗಿದ ಜಯರಾಮಯ್ಯ ಮತ್ತು ಧ್ರುವ. ಕೊಂದವರೇ ಬುದ್ಧಿ ಹೇಳುವ ಕಾಲವಿದು. ಅದಕ್ಕೆ ಬಣ್ಣದ ಮುದ್ರಣವೂ ಸಿಗುತ್ತದೆ.

ಶಿವಪ್ರಕಾಶನ ಹೆಂಡತಿ ಸಹನ. ಅವನು ಹೆಂಡ ಮುಟ್ಟಿದವನಲ್ಲ ಎಂದು ಅವಳಿಗೆ ಗೊತ್ತು, ಊರಿಗೂ ಗೊತ್ತು. ಆದರೆ ಮಗಳು ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು. ಸ್ಕೂಲ್ ಬಸ್ಸಿಗೆ ಕಾಯುತ್ತ ನಿಂತು, ಒಂದೊಂದೇ ಬೋರ್ಡು ಓದುತ್ತ ಬಂದು, ಅಪ್ಪನ ಫೋಟೋದ ಕೆಳಗಿನದನ್ನೂ ಓದಿದಳು. ಕು, ಡಿ, ದು. ಸಂಜೆ ಬಂದು, "ಅಪ್ಪ ಕುಡ್ಕನೇನಮ್ಮ?" ಎಂದಳು.

ಸಹನ ಕಾಳಪ್ಪನ ಜಗುಲಿಗೆ ಬಂದು ನಿಂತಳು. "ಭಾವ, ನಂಗೆ ಪರಿಹಾರ ಗಿರಿಹಾರ ಏನೂ ಬ್ಯಾಡ. ಅವ್ರು ಕ್ವಾರೀಲಿ ಸತ್ರು, ಕುಡ್ದು ಸಾಯ್ನಿಲ್ಲ ಅಂತ ಆ ಜಯರಾಮಯ್ಯನ ಬಾಯಲ್ಲೇ ಬರ್ಬೇಕು. ನಾಕ್ ಜನದ ಮುಂದೆ. ನೀವು ಅವ್ರ ಜೊತೆ ಕಾರಲ್ಲಿ ಓಡಾಡೋರು. ಕೇಳಿ."

"ಕೇಳ್ತೀನಿ ಬುಡು," ಎಂದ ಕಾಳಪ್ಪ.

ನಾಗಮಂಗಲದ ಆಟ ಮುಗಿದ ಸಂಜೆ ಕೇಳಿದ. ಧ್ರುವನನ್ನು ಹುಡುಗರು ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದರು. ಜಯರಾಮಯ್ಯ ಜೀಪಿನ ಬಾನೆಟ್ಟಿಗೆ ಒರಗಿ ಎಳನೀರು ಕುಡಿಯುತ್ತಿದ್ದರು. ಕಾಳಪ್ಪ ಎದೆಯ ಇದ್ದಲು ಒರೆಸಿಕೊಳ್ಳುತ್ತಲೇ ಮಾತು ತೆಗೆದ.

"ಧಣೀ, ಆ ಫ್ಲೆಕ್ಸು."

"ಯಾವ್ದಪ್ಪ?"

"ನಮ್ ಹುಡ್ಗಂದು. ಕುಡಿಯಾ ವಿಚಾರ ಅದ್ರಲ್ಲಿ ಬರ್ದಿರದು."

"ಓ, ಅದಾ. ಜನಕ್ಕೆ ಒಳ್ಳೇದಾಗ್ಲಿ ಅಂತ ಹಾಕ್ಸಿದ್ದು ಕಣೋ. ಸತ್ತೋನ್ ಸತ್ತ, ನಾಕ್ ಜನ ಬದುಕ್ಲಿ ಅಂತ." ಎಳನೀರಿನ ಬುರುಡೆ ಎಸೆದು ಅವನ ಭುಜದ ಮೇಲೆ ಕೈ ಹಾಕಿದರು. "ಮೇಳ ಮುಗೀಲಿ ಆಚಾರಿ. ಆಮೇಲೆ ಕೂತ್ಕಂಡು ಮಾತಾಡಣ. ಅದಿರ್ಲಿ, ಇವತ್ತು ಬೀಳಾವಾಗ ಸ್ವಲ್ಪ ಬೇಗ್ನೇ ಬಿದ್ಬುಟ್ಟಲ್ಲೋ. ಹುಡ್ಗ ಇನ್ನೂ ಎತ್ತೇ ಇರ್ಲಿಲ್ಲ."

"ಆಯ್ತು ಧಣೀ," ಎಂದ. ಹಾಗೆಂದದ್ದಕ್ಕೆ ಅವತ್ತು ನಿದ್ದೆ ಬರಲಿಲ್ಲ. ಮರುದಿನವೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲಗೆ ಹೇರುವ ಆಳುಗಳ ಮೇಲೆ ರೇಗಿದ. ಕೆ.ಆರ್. ಪೇಟೆಯ ರಸ್ತೆಯುದ್ದಕ್ಕೂ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಲೇ ಇದ್ದ.

ಕೆ.ಆರ್. ಪೇಟೆಗೆ ಸಹನ ಬಂದಳು, ಮಗಳನ್ನು ಕರೆದುಕೊಂಡು. ಕಾಳಪ್ಪನ ಹೆಂಡತಿ ಜಯಲಕ್ಷ್ಮಮ್ಮನೂ ಜೊತೆಗಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಗಂಡನ ಕುಸ್ತಿ ನೋಡಲು ಬಂದದ್ದು ಇದೇ ಮೊದಲು. ಜನ ಉಗಿಯುವುದನ್ನು, ಥೂ ಎನ್ನುವುದನ್ನು, ಮುದುಕಿಯರು ನೆಟಿಕೆ ಮುರಿಯುವುದನ್ನು ಅವಳು ತುಟಿ ಕಚ್ಚಿ ನೋಡಿದಳು. ಸಹನ ಕೂಗಲೂ ಇಲ್ಲ, ಚಪ್ಪಾಳೆ ಹೊಡೆಯಲೂ ಇಲ್ಲ. ಭಾವ ಧ್ರುವನ ಕೈಯಲ್ಲಿ ಏಟು ತಿಂದು, ಬೇಡಿಕೊಳ್ಳುವವನಂತೆ ಕೈಮುಗಿದು, ಆಮೇಲೆ ಎಗರಿ ಬೀಳುವುದನ್ನು ದಿಟ್ಟಿಸುತ್ತಿದ್ದಳು. ಕೈಮುಗಿಯುವುದು ಆಟದಲ್ಲಿ ಇತ್ತು. ಅವಳಿಗೆ ಅದು ಆಟವೆನಿಸಲಿಲ್ಲ.

ರಿಂಗಿನ ಹಿಂದೆ ಟ್ರಾಕ್ಟರಿನ ನೆರಳಿನಲ್ಲಿ ಮೂವರೂ ಅವನನ್ನು ಸುತ್ತುವರಿದರು.

"ಕೇಳುದ್ರಾ ಭಾವ?"

"ಮೇಳ ಮುಗೀಲಿ ಅಂದವ್ರೆ."

"ನೀವೇನಂದ್ರಿ?"

ಕಾಳಪ್ಪ ಎದೆಯ ಇದ್ದಲು ಕೆರೆದುಕೊಂಡ. ಜಯಲಕ್ಷ್ಮಮ್ಮ ಕೈಯಲ್ಲಿದ್ದ ಟವೆಲನ್ನು ಅವನ ಎದೆಗೆ ಎಸೆದಳು. "ಆಯ್ತು ಅಂದಿರ್ತಾರೆ ಬುಡು. ರೀ, ನಿಮ್ಮತ್ರ ಮೈಕದಲ್ಲ. ಊರೂರಿಗೆಲ್ಲಾ ಬೈತೀರಿ, ಅಮ್ಮ ಅಕ್ಕ ಅನ್ನದೆ. ಹುಟ್ಟುದ್ ತಮ್ಮಂಗೋಸ್ಕರ ಒಂದ್ ನಿಜ ಯೋಳಕ್ಕೆ ಏನ್ ದಾಡಿ?"

ಆ ಮಾತು ಅವನೊಳಗೆ ಇಳಿಯಿತು. ಹೌದಲ್ಲ, ಮೈಕಿದೆಯಲ್ಲ. ಕೇಳಿಸುವುದಕ್ಕೆ ಸಾವಿರಾರು ಕಿವಿ ಇವೆಯಲ್ಲ. ಪಾಂಡವಪುರ ಸ್ವಂತ ತಾಲ್ಲೂಕು. ಕ್ವಾರಿಯಲ್ಲಿ ದುಡಿಯುವವರೇ ಅರ್ಧ ಮೈದಾನ ತುಂಬುತ್ತಾರೆ. ಅಲ್ಲೇ ಹೇಳುತ್ತೇನೆ ಎಂದುಕೊಂಡ ಮೇಲೆ ಅವನಿಗೆ ಊಟ ಸೇರಿತು.

ಪಾಂಡವಪುರದಲ್ಲಿ ಮೈಕು ಕೈಗೆ ಬಂದಾಗ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದ. ಮುಂದಿನ ಸಾಲಿನ ಸೋಫಾದಲ್ಲಿ ಜಯರಾಮಯ್ಯ. ಎದುರಿನ ಮೂಲೆಯಲ್ಲಿ ಮೈಗೆ ಎಣ್ಣೆ ಹಚ್ಚಿದ ಧ್ರುವ. ಕಾಳಪ್ಪ ಊರನ್ನು ಬೈಯಲಿಲ್ಲ.

"ಕೇಳ್ರಪ್ಪ. ನನ್ ತಮ್ಮ ಶಿವಪ್ರಕಾಶ ಕುಡ್ದು ಸಾಯ್ನಿಲ್ಲ. ಇಲ್ಲಿ ಕುಂತವ್ರಲ್ಲ ಜಯರಾಮಯ್ಯ, ಇವ್ರ ಕ್ವಾರೀಲಿ ಬಂಡೆ ಸಿಡ್ದು ಸತ್ತ. ಹೆಣ ತಂದು ರೋಡಲ್ಲಿ ಮಲಗ್ಸವ್ರೆ. ಈ ಧ್ರುವ ನಿಮ್ ಹೀರೋ ಅಲ್ಲ. ಇವ್ನು ಹೆಣ ಸಾಗ್ಸಿದೋನ ಮಗ."

 ಆಮೇಲೆ, ಎಲ್ಲಿಂದಲೋ ಒಂದು ಸೀಟಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇಡೀ ಮೈದಾನ ಭೋರ್ಗರೆಯಿತು. ಥೂ, ಕಳ್ಳ ನನ್ಮಗನೆ. ಇಳೀಲಾ ಕೆಳೀಕೆ. ಧ್ರುವಣ್ಣ, ಬುಡಬ್ಯಾಡ ಅವ್ನ. ಹುಡುಗರು ಕುರ್ಚಿಯ ಮೇಲೆ ನಿಂತು ಮೊಬೈಲು ಎತ್ತಿ ಹಿಡಿದರು. ಇಂಥ ಸೊಗಸಾದ ಬೈಗುಳವನ್ನು ಕೆಂಡದ ಕಾಳ ಯಾವತ್ತೂ ಬೈದಿರಲಿಲ್ಲ. ಕಾಳಪ್ಪ "ಇದು ಆಟ ಅಲ್ಲ ಕಣ್ರೋ" ಎಂದು ಕಿರುಚಿದ. ಅದಕ್ಕೆ ಇನ್ನೂ ಜೋರು ಕೇಕೆ ಬಿತ್ತು. ಖಳನ ಬಾಯಿಂದ ಬಂದದ್ದೆಲ್ಲ ಸುಳ್ಳು ಎಂದು ಈ ಜನಕ್ಕೆ ಕಲಿಸಿದವನು ಯಾರು? ಅವನೇ. ಊರೂರು ತಿರುಗಿ, ವರ್ಷಗಟ್ಟಲೆ, ಟಿಕೀಟು ಹರಿದು ಕಲಿಸಿದ್ದ.

ಸೋಫಾದಲ್ಲಿ ಜಯರಾಮಯ್ಯನವರ ಮುಖ ಮೊದಲು ಕಪ್ಪಿಟ್ಟಿತು. ಜನ ಕೂಗತೊಡಗಿದ ಮೇಲೆ ನಿಧಾನಕ್ಕೆ ಸಡಿಲವಾಯಿತು. ಕೊನೆಗೆ ಅವರೂ ಚಪ್ಪಾಳೆ ತಟ್ಟಿದರು. ಧ್ರುವ ಮಣಿಕಟ್ಟು ಒತ್ತಿದ. ಕಾಳಪ್ಪನ ಮೈ ತಾನಾಗಿಯೇ ಎಗರಿ ಬಿತ್ತು; ಅದು ಅವನನ್ನು ಕೇಳಲೂ ಇಲ್ಲ.

ಮರುದಿನ ಊರಿನ ಟೀ ಅಂಗಡಿಯಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ವಿಡಿಯೋ. "ಸತ್ತ ತಮ್ಮನ್ನೂ ಕುಸ್ತೀಗೆ ಎಳ್ಕಂಡ್ಬುಟ್ಟಲ್ಲೋ ಕಾಳಣ್ಣ," ಎಂದು ಒಬ್ಬ ಉಗಿದ. ಕ್ವಾರಿಯಲ್ಲಿ ದುಡಿಯುವವನೇ. ಶಿವಪ್ರಕಾಶನ ಜೊತೆ ಊಟದ ಡಬ್ಬಿ ಬಿಚ್ಚಿದವನು. ಜಯರಾಮಯ್ಯ ಫೋನು ಮಾಡಿ ನಕ್ಕರು. "ಏನ್ ಡೈಲಾಗ್ ಹೊಡ್ದೋ. ಒಂದ್ ಗಳಿಗೆ ನಂಗೇ ಎದೆ ಜಲ್ ಅಂದೋಯ್ತು. ಆದ್ರೆ ಇನ್ನೊಂದ್ಸಲ ಆ ಹೆಸ್ರು ಎತ್ತುದ್ರೆ ನಿನ್ ರಿಂಗೂ ಇರಲ್ಲ, ನೀನೂ ಇರಲ್ಲ." ಅದೇ ನಗು, ಅದೇ ಉಸಿರಿನಲ್ಲಿ.

ಸಹನ ಬೈಯಲಿಲ್ಲ. "ನೀವು ನಿಜಾನೇ ಯೋಳುದ್ರಿ ಭಾವ. ನಿಮ್ ಬಾಯಿಗ್ ಬಂದು ಅದು ಸುಳ್ಳಾಗೋಯ್ತು," ಎಂದಳು. "ಈಗ ನಾನು ಯೋಳುದ್ರೂ, ಕುಸ್ತೀಲಿ ಕೇಳುದ್ವಲ್ಲ ಬುಡಮ್ಮ ಅಂತಾವ್ರೆ."

ಕಾಳಪ್ಪ ಹಿತ್ತಲಿನ ಹಳೆಯ ಕುಲುಮೆಯ ಸುತ್ತ ತಿರುಗಿದ. ಬೆಂಕಿ ಆರಿ ಎಷ್ಟೋ ವರ್ಷವಾಗಿತ್ತು. ತಮ್ಮನ ಹೆಸರಿಗೆ ಮಸಿ ಬಳಿದವರು ಅವರು. ಅದನ್ನು ಅಳಿಸಲಾಗದಂತೆ ಮಾಡಿದವನು ತಾನು. ಬಾಯಿಯಿಂದ ಆಗುವ ಕೆಲಸವಲ್ಲ ಇದು ಎಂದಷ್ಟೇ ಅವನಿಗೆ ಗೊತ್ತಾಯಿತು. ಮತ್ತೆ ಯಾವುದರಿಂದ ಎಂದು ಗೊತ್ತಾಗಲಿಲ್ಲ.

ಶ್ರೀರಂಗಪಟ್ಟಣದ ಆಟಕ್ಕೆ ಜಯರಾಮಯ್ಯ ಹೊಸ ಆಸೆ ಇಟ್ಟುಕೊಂಡಿದ್ದರು. ಅಲ್ಲಿನ ಗರಡಿ ಹುಡುಗರು ಧ್ರುವನನ್ನು ಹಲಗೆ ಪೈಲ್ವಾನ್ ಎಂದು ಹಂಗಿಸಿದ್ದು ಅವರ ಕಿವಿಗೆ ಬಿದ್ದಿತ್ತು. "ಕೊನೇದು ಮಣ್ಣಿನ್ ಮೇಲೇ ಆಗ್ಲಿ," ಎಂದರು. "ಕೆಮ್ಮಣ್ಣು, ಬೆಳ್ಳಿ ಗದೆ, ಮಾರ್ಫಿಟ್ ಕುಸ್ತಿ ಅಂತ ದಪ್ಪಕ್ಷರದಲ್ಲಿ ಹಾಕ್ಸು. ಫೋಟೋಗೆ ಮೈಮೇಲೆ ಮಣ್ಣಿದ್ರೇ ಚೆಂದ."

ಮಾರ್ಫಿಟ್ ಕುಸ್ತಿ ಎಂದರೆ ಹೊತ್ತಿನ ಮಿತಿಯಿಲ್ಲ, ಪಾಯಿಂಟು ಇಲ್ಲ. ಒಬ್ಬನ ಎರಡೂ ಭುಜ ಮಣ್ಣಿಗೆ ತಾಗಿ ಚಿತ್ ಆಗುವ ತನಕ ನಡೆಯಬೇಕು. ಉಸ್ತಾದರು ಮಣ್ಣು ಹಚ್ಚಿ ಇಬ್ಬರ ಕೈ ಕೂಡಿಸಿದ ಮೇಲೆ, ಚಿತ್ ಆಗುವವರೆಗೆ ಅವರಲ್ಲದೆ ಇನ್ನೊಬ್ಬರು ಆ ಮಣ್ಣಿಗೆ ಕಾಲಿಡುವಂತಿಲ್ಲ. ಕಾಳಪ್ಪ ಅಭ್ಯಾಸಬಲದಿಂದ ಎಚ್ಚರಿಸಿದ್ದ. "ಧಣೀ, ಮಣ್ಣಿನ ಕಟ್ಟಲೆ ಬ್ಯಾರೆ. ಹಲಗೆ ಥರ ಅಲ್ಲ."

"ಕಟ್ಟಲೆ ಏನಾರ ಇರ್ಲಿ, ಬೀಳೋನು ನೀನೇ ಅಲ್ವೇನೋ," ಎಂದಿದ್ದರು ಜಯರಾಮಯ್ಯ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಕುಸ್ತಿ ಕಣದ ಸುತ್ತ ಜನ ತುಂಬಿದ್ದರು. ಹೆಂಗಸರ ನಡುವೆ ಸಹನಳೂ ಬಂದು ನಿಂತಿದ್ದಳು. ಮಜ್ಜಿಗೆ, ಅರಿಶಿನ ಕಲಸಿ ಹದ ಮಾಡಿದ ಕೆಮ್ಮಣ್ಣು. ಅಂಚಿನಲ್ಲಿ ಹಳೆಯ ಪೈಲ್ವಾನರು ಸಾಲಾಗಿ ಕೂತಿದ್ದರು, ಕಿವಿ ಮುದುಡಿದವರು, ಮೊಣಕಾಲು ಸೋತವರು. ಕರಿಯಯ್ಯ ಉಸ್ತಾದರು ಬರಿಗಾಲಲ್ಲಿ ನಡುವೆ ನಿಂತಿದ್ದರು. ಶಿಷ್ಯ ಹಲಗೆಯ ಆಟಕ್ಕೆ ಹೋದ ಮೇಲೆ ಅವನ ಜೊತೆ ಮಾತು ಬಿಟ್ಟವರು. ಈಗಲೂ ಮುಖ ನೋಡದೆ ಅವನ ಅಂಗೈಗೆ ಮಣ್ಣು ತಿಕ್ಕಿದರು, ಧ್ರುವನ ಅಂಗೈಗೂ ತಿಕ್ಕಿದರು. ಎರಡನ್ನೂ ಕೂಡಿಸಿ ಒತ್ತಿದರು.

"ಮಣ್ಣಾಣೆ. ಚಿತ್ ಆಗಗಂಟ ಇಬ್ರಿಗೂ ಅಪ್ಪ ಅಮ್ಮ ಯಾರೂ ಇಲ್ಲ. ಇಡ್ಕಳಿ," ಎಂದರು.

ಮೈಕು ಈ ಸಲ ಕಾಳಪ್ಪನ ಕೈಗೆ ಬರಲಿಲ್ಲ. ಮಣ್ಣಿನ ಮೇಲೆ ಮಾತಾಡುವ ಪದ್ಧತಿಯಿಲ್ಲ. ಅಂಗೈಯಲ್ಲಿ ಒದ್ದೆ ಮಣ್ಣು. ಇಷ್ಟು ವರ್ಷ ಹಲಗೆಯ ಮೇಲೆ ಬಿದ್ದ ಮೈ ಮೊದಲ ಸಲ ಕಾಲು ಊರಿಕೊಂಡಿತು. ಕೆಳಗೆ ನೆಲವಿದೆ ಅನ್ನಿಸಿತು. ಬಾಯಿಯಿಂದ ಆಗದ್ದು ಯಾವುದರಿಂದ ಆಗಬಹುದೆಂದು ಆಗ, ಅಲ್ಲಿ, ಅವನಿಗೆ ಹೊಳೆಯಿತು.

ಹಿಡಿದರು. ಧ್ರುವ ತೋರಿಕೆಗೆ ಎರಡು ಸಲ ಎಳೆದ, ಒಂದು ಸಲ ತೊಡೆ ತಟ್ಟಿದ. ಜನ ಅವನ ಹೆಸರು ಕೂಗಿದರು. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಒತ್ತಿದ.

ಕಾಳಪ್ಪ ಬೀಳಲಿಲ್ಲ.

"ಅಣ್ಣ, ಒತ್ತಿದ್ದೀನಿ," ಎಂದ ಧ್ರುವ ಕಿವಿಯ ಹತ್ತಿರ.

"ಗೊತ್ತಾಯ್ತು."

"ಮತ್ತೆ ಬೀಳು."

"ಬೀಳಲ್ಲ ಕಣಪ್ಪ."

ಜಿಮ್ಮಿನ ಕಬ್ಬಿಣ ಎಷ್ಟೇ ಭಾರವಿದ್ದರೂ ತಿರುಗಿ ಹಿಡಿಯುವುದಿಲ್ಲ. ಧ್ರುವನಿಗೆ ಎದುರಿನಿಂದ ಬಲ ಬರುತ್ತದೆಂಬುದೇ ಹೊಸದು. ಕಾಳಪ್ಪ ಅವನ ಕಂಕುಳಲ್ಲಿ ತಲೆ ತೂರಿಸಿ, ಸೊಂಟ ಹಿಡಿದು, ಕಾಲಿಗೆ ಕಾಲು ಕೊಟ್ಟು ಕೆಡವಿದ. ಹುಡುಗ ಅಡ್ಡಡ್ಡಲಾಗಿ ಬಿದ್ದ. ಒಂದು ಭುಜ ಮಣ್ಣಿನಲ್ಲಿ, ಇನ್ನೊಂದು ಗೇಣು ಮೇಲೆ. ಆ ಗೇಣನ್ನು ಕಾಳಪ್ಪ ಹಾಗೇ ಹಿಡಿದ. ಮೊಣಕಾಲಿನಿಂದ ತೋಳು ಅದುಮಿದ. ಚಿತ್ ಮಾಡಲಿಲ್ಲ, ಬಿಡಲೂ ಇಲ್ಲ.

ಮೊದಮೊದಲು ಜನ ಬೈದರು, ಎಂದಿನಂತೆ. ಧ್ರುವಣ್ಣ, ಏಳಣ್ಣ ಎಂದರು. ಧ್ರುವ ಏಳಲಿಲ್ಲ. ಕೂಗು ಒಂದೊಂದಾಗಿ ಅಡಗಿತು. ಯಾಕೋ ಸರಿಯಿಲ್ಲ ಎಂದು ಅವರಿಗೆ ಅನ್ನಿಸತೊಡಗಿತು. ಖಳ ಇಷ್ಟು ಹೊತ್ತು ಮೇಲಿರುವುದನ್ನು ಅವರು ಯಾವತ್ತೂ ನೋಡಿರಲಿಲ್ಲ.

"ನನ್ ತಮ್ಮ ಎಲ್ಲಿ ಸತ್ತ, ಯೋಳು," ಎಂದ ಕಾಳಪ್ಪ.

"ಅಪ್ಪ," ಎಂದ ಧ್ರುವ.

ಜಯರಾಮಯ್ಯ ಸೋಫಾ ಬಿಟ್ಟು ಓಡಿಬಂದರು. "ಏಯ್ ಆಚಾರಿ, ಏನ್ಲಾ ಇದು? ಬುಡ್ಲಾ ಅವ್ನ." ಮಣ್ಣಿಗೆ ಕಾಲಿಡುವಷ್ಟರಲ್ಲಿ ಕರಿಯಯ್ಯ ಅಡ್ಡ ಬಂದರು.

"ಆಚೆ ನಿಂತ್ಕಳಿ ಸ್ವಾಮಿ. ಇನ್ನೂ ಚಿತ್ ಆಗಿಲ್ಲ."

"ನನ್ ಮಗ ಕಣಯ್ಯ ಅವ್ನು."

"ಮಣ್ಣಲ್ಲಿ ಅವ್ನು ಯಾರ್ ಮಗನೂ ಅಲ್ಲ. ಕೈ ಕೂಡ್ಸಿದ್ದ ನೋಡುದ್ರಲ್ಲ."

"ನಿಲ್ಸು ಕುಸ್ತಿಯ. ಇದ್ಕೆ ದುಡ್ಡು ಹಾಕಿರೋನು ನಾನು."

"ಮಾರ್ಫಿಟ್ಟೇ ಬೇಕು ಅಂದೋರೂ ನೀವೇಯ. ಹೊತ್ ಮುಳುಗ್ಲಿ, ನಾಳೆ ಹುಟ್ಲಿ, ನಾವು ಇಲ್ಲೇ ಇರ್ತೀವಿ."

ಅಂಚಿನಲ್ಲಿ ಕೂತಿದ್ದ ಹಳೆಯ ಪೈಲ್ವಾನರು ಎದ್ದರು. ಯಾರೂ ಯಾರಿಗೂ ಹೇಳಲಿಲ್ಲ. ಸೋತ ಮೊಣಕಾಲುಗಳ ಮೇಲೆ ಎದ್ದು, ಕಣದ ಸುತ್ತ ಕೈಕಟ್ಟಿ ನಿಂತರು. ಜಯರಾಮಯ್ಯನವರ ಆಳುಗಳು ಮುಂದೆ ಬಂದವರು ಅಲ್ಲೇ ನಿಂತರು. ಕಾಳಪ್ಪನಿಗಾಗಿ ನಿಂತವರಲ್ಲ ಆ ಮುದುಕರು. ಮಣ್ಣಿಗಾಗಿ ನಿಂತಿದ್ದರು. ಕಾಳಪ್ಪನಿಗೆ ಅಷ್ಟು ಸಾಕಾಗಿತ್ತು.

ಅವನ ತೋಳು ಸೋಲತೊಡಗಿತ್ತು. ಬೆವರು ಧ್ರುವನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಹೆಚ್ಚು ಹೊತ್ತು ಹಿಡಿಯಲಾರೆ ಎಂದು ಅವನಿಗೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ. "ಎಲ್ಲಿ ಸತ್ತ?"

"ಕ್ವಾರೀಲಿ," ಎಂದ ಧ್ರುವ ಸಣ್ಣಗೆ.

"ಗಟ್ಟಿಯಾಗಿ."

"ಕ್ವಾರೀಲಿ ಸತ್ತ. ಬ್ಲಾಸ್ಟ್ ಮಾಡಾವಾಗ ದೂರ ಹೋಗಿ ಅಂತ ಯಾರೂ ಕೂಗಿರ್ಲಿಲ್ಲ, ಅವ್ನು ಅಲ್ಲೇ ಇದ್ದ." ಹುಡುಗ ಅಳುತ್ತಿದ್ದ, ಬಾಯಿಗೆ ಮಣ್ಣು ಮೆತ್ತಿತ್ತು. "ಅವ್ನನ್ನೂ ಗಾಡೀನೂ ನಾವೇ ರೋಡಿಗೆ ತಂದು ಮಲಗ್ಸಿದ್ದು."

"ಕುಡ್ದಿದ್ನಾ?"

"ಇಲ್ಲ. ಬಾಟ್ಲಿ ನಾನೇ ಸುರ್ದೆ, ಅಂಗಿ ಮೇಲೆ. ಅಪ್ಪ ಸುರಿ ಅಂದ್ರು."

ಮುಂದಿನ ಸಾಲುಗಳಿಗೆ ಕೇಳಿಸಿತು. ಅಲ್ಲಿಂದ ಹಿಂದಕ್ಕೆ, ತಲೆಯಿಂದ ತಲೆಗೆ, ಮಾತು ಗುಸುಗುಡುತ್ತ ಹೋಯಿತು. ಆಗ ಜಯರಾಮಯ್ಯ ಅನೌನ್ಸರನ ಕೈಯಿಂದ ಮೈಕು ಕಿತ್ತುಕೊಂಡರು. ಚುನಾವಣೆ ಮಾಡಿಸಿ ಪಳಗಿದ ಮನುಷ್ಯ.

"ಎಂಗದೆ ನೋಡುದ್ರೇನ್ರಪ್ಪ ನಮ್ ಕಾಳನ ಹೊಸ ಡೈಲಾಗು? ಪಾಂಡುಪುರದಲ್ಲಿ ಹೊಡ್ದಿದ್ನಲ್ಲ, ಅದರ್ದೇ ಎರಡ್ನೇ ಭಾಗ. ನಮ್ ಹುಡ್ಗನೂ ಚೆನ್ನಾಗ್ ಕಲ್ತವ್ನೆ, ಅಳಾದ ನೋಡಿ. ಈಗ ಎದ್ದು ಎಂಗೆ ಕೆಡುವ್ತಾನೆ ನೋಡ್ತಾ ಇರಿ."

ಜನಕ್ಕೆ ಉಸಿರು ಬಂತು. ಹೌದು, ಆಟವಲ್ಲವೇ ಇದು. ಕಾಳನಲ್ಲವೇ ಇವನು. ಯಾರೋ ನಕ್ಕರು, ಸೀಟಿ ಬಿತ್ತು, ಥೂ ಎಂಬ ಕೂಗು ಮತ್ತೆ ಎದ್ದಿತು. ನಂಬಬೇಕಾದ ಕಷ್ಟದಿಂದ ಪಾರಾದವರ ಸದ್ದು ಅದು. ಅದನ್ನು ಕಾಳಪ್ಪ ಚೆನ್ನಾಗಿ ಬಲ್ಲ; ಅದನ್ನೇ ಮಾರಿ ಬದುಕಿದ್ದ. ಕೆಳಗೆ ಧ್ರುವನಿಗೂ ಅದು ಕೇಳಿಸಿತು. ಹುಡುಗ ಅಳು ನಿಲ್ಲಿಸಿ, ಮತ್ತೊಮ್ಮೆ ಅವನ ಮಣಿಕಟ್ಟು ಒತ್ತಿದ.

ಈಗ ಬಿದ್ದರೆ ತಮ್ಮ ಮತ್ತೆ ಕುಡಿದು ಸಾಯುತ್ತಾನೆ. ಬಿಟ್ಟರೂ ಅಷ್ಟೇ. ಕಾಳ ಬೀಳುತ್ತಿರುವವರೆಗೆ ಎಲ್ಲವೂ ಆಟ. ಕಾಳ ಯಾವತ್ತೂ ಬೀಳುತ್ತಾನೆ. ಬೀಳದೇ ಹೋದರೆ?

ಕಾಳಪ್ಪ ಆ ಗೇಣನ್ನು ಕೆಳಗೆ ಒತ್ತಿದ. ಧ್ರುವನ ಎರಡನೆಯ ಭುಜ ಮಣ್ಣಿಗೆ ತಾಗಿತು. ಎದೆಯ ಮೇಲೆ ಎದೆ ಇಟ್ಟು ಇನ್ನೂ ಒತ್ತಿದ. ಕರಿಯಯ್ಯ ಬಾಗಿ, ಹುಡುಗನ ಬೆನ್ನಿನಡಿ ಕೈ ತೂರಿಸಲು ನೋಡಿ, ಸಂದು ಸಿಗದೆ ಎದ್ದರು.

"ಚಿತ್," ಎಂದರು.

ಸೀಟಿ ಹಾಕುತ್ತಿದ್ದವನ ಬೆರಳು ಬಾಯಲ್ಲೇ ಉಳಿಯಿತು. ಯಾರೂ ಬೈಯಲಿಲ್ಲ. ಬೈಯುವುದಕ್ಕೆ ಖಳ ಸೋತಿರಬೇಕು. ಕರಿಯಯ್ಯ ಕಾಳಪ್ಪನ ಕೈ ಹಿಡಿದು ಮೇಲೆತ್ತಿದರು. ಗೆದ್ದವನು ಏನು ಮಾಡಬೇಕೆಂದು ಅವನಿಗೆ ಮರೆತಿತ್ತು. ಇನ್ನೊಂದು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಗೆ ಒರೆಸಿಕೊಂಡ. ಧ್ರುವ ಎದ್ದವನು ಅಪ್ಪನ ಕಡೆ ಹೋಗಲಿಲ್ಲ, ಜನರ ಕಡೆ ಮುಖ ತಿರುಗಿಸಲಿಲ್ಲ. ಮೈಕು ಹಿಡಿದ ಜಯರಾಮಯ್ಯ "ಕೇಳ್ರಪ್ಪ" ಎಂದರು. ಆಮೇಲೆ ಮತ್ತೊಮ್ಮೆ, "ಕೇಳ್ರಪ್ಪ" ಎಂದರು. ಕೊನೆಗೆ ಮೈಕನ್ನು ಕೆಳಗಿಳಿಸಿದರು. ಅವರ ಆಳುಗಳು ಜೀಪಿನಿಂದ ದೊಣ್ಣೆ ತೆಗೆಯುತ್ತಿದ್ದರು. ಕಾಳಪ್ಪ ಅದನ್ನು ನೋಡಿದ. ಮಣ್ಣು ದಾಟಿ ಆಚೆ ಹೋಗಲು ಅವಸರ ಮಾಡಲಿಲ್ಲ.

ಜನರ ನಡುವೆ, ಹೆಂಗಸರು ನಿಂತ ಕಡೆ, ಶ್ರೀರಂಗಪಟ್ಟಣದ ಒಬ್ಬ ಮುದುಕ ಪಕ್ಕದವನನ್ನು ಕೇಳಿದ. "ಅದ್ಯಾರ್ಲಾ ಸತ್ತೋನು? ಏನ್ ಹೆಸ್ರು ಅಂದ್ರು?"

"ಗೊತ್ತಿಲ್ಲ ಕಣಜ್ಜ," ಎಂದ ಪಕ್ಕದವನು.

"ಶಿವಪ್ರಕಾಶ್," ಎಂದಳು ಸಹನ. "ಚಿನಕುರಳಿ. ನಮ್ಮನೆಯವ್ರು."

ಮುದುಕ ಅವಳ ಕಡೆ ತಿರುಗಿದ. ಅವನ ಪಕ್ಕದವನೂ ತಿರುಗಿದ. ಕಣಕ್ಕೆ ಬೆನ್ನು ಹಾಕಿ, ಒಬ್ಬೊಬ್ಬರಾಗಿ, ಇನ್ನೂ ಕೆಲವರು.

"ಯೋಳವ್ವ," ಎಂದ ಮುದುಕ. "ಏನಾಯ್ತು ಅಂತ ಮೊದ್ಲಿಂದ ಯೋಳು."